ಜೋಡಿ ಗುಂಡಿನ ಸದ್ದು ಎಷ್ಟು ದೂರ ಕೇಳುತ್ತದೆ

ಕೊಡಗಿನಲ್ಲಿ ಸಾವಿನ ಸುದ್ದಿಯನ್ನು ಹೇಳುವುದು ಕೋವಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಂಗಳಕ್ಕೆ ಬಂದು ಆಕಾಶದ ಕಡೆಗೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸುತ್ತಾರೆ. ಗದ್ದೆಯಲ್ಲಿದ್ದವರು ಕೈಕೆಲಸ ನಿಲ್ಲಿಸಿ, ಸದ್ದು ಯಾವ ದಿಕ್ಕಿನದು ಎಂದು ಕಿವಿಗೊಟ್ಟು, ಕೈಕಾಲು ತೊಳೆದು ಆ ಮನೆಯ ದಾರಿ ಹಿಡಿಯುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಸುದ್ದಿ ಗುಂಡಿಗಿಂತ ಮೊದಲೇ ತಲುಪಿರುತ್ತದೆ. ಆದರೂ ಗುಂಡು ಹಾರಿಸದೆ ಇರುವುದಿಲ್ಲ.

ಕಳೆದ ಜುಲೈ ತಿಂಗಳಲ್ಲಿ, ಕೊಡವರ ಕಕ್ಕಡ ಮಾಸ ಹುಟ್ಟಿ ಎರಡು ದಿನವಾಗಿತ್ತು, ಮೂರ್ನಾಡು ಕಡೆಯ ಒಂದು ತೋಟದ ಮನೆಯ ಅಂಗಳದಲ್ಲಿ ಆ ಎರಡು ಗುಂಡು ಹಾರಿದಾಗ ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಮಳೆ ಎಷ್ಟು ದಟ್ಟವಾಗಿತ್ತೆಂದರೆ ಸದ್ದು ಅಂಗಳದಾಚೆಯ ಸಿಲ್ವರ್ ಓಕ್ ಮರಗಳನ್ನು ದಾಟಿತೋ ಇಲ್ಲವೋ ಹೇಳಲಾಗದು. ಅಳು ಆಮೇಲೆ ಬಂತು. ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಸುಳಿದ ಯೋಚನೆ ಬೇರೆಯೇ ಆಗಿತ್ತು: ಈ ಸದ್ದು ಕೇಳಬೇಕಾದವರು ಎಷ್ಟೋ ಜನ ಬಹಳ ದೂರದಲ್ಲಿದ್ದಾರೆ. ಅವರಿಗೆ ಯಾರು ಹೇಳುತ್ತಾರೆ?

ತೀರಿಕೊಂಡವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಕ್ಕಳು ಬೇಡವೆಂದಿದ್ದಾರೆ. ಮೂವತ್ತು ವರ್ಷ ಕರೆದ ಹಾಗೆಯೇ ಕರೆಯುತ್ತೇನೆ, ಅಕ್ಕ ಎಂದು. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಟೀಚರೇ’ ಎಂದು. ನನಗಿಂತ ಒಂಬತ್ತು ವರ್ಷ ದೊಡ್ಡವರಾದರೂ ಕೊನೆಯ ದಿನದವರೆಗೆ ‘ಬನ್ನಿ, ಕೂತುಕೊಳ್ಳಿ’ ಎಂಬ ಬಹುವಚನವನ್ನು ಅವರು ಬಿಡಲಿಲ್ಲ.

ನಮ್ಮ ಪರಿಚಯವಾದದ್ದು 1994ರ ಮಳೆಗಾಲದಲ್ಲಿ. ಅವರ ಯಜಮಾನರು ಸೇನೆಯಲ್ಲಿದ್ದರು. ಆ ವರ್ಷ ಕುಟುಂಬವನ್ನು ಕರೆದೊಯ್ಯಲಾಗದ ಜಾಗಕ್ಕೆ ವರ್ಗವಾಗಿತ್ತು. ಇಬ್ಬರು ಮಕ್ಕಳನ್ನು ಕರೆದುಕೊಂಡು ಅಕ್ಕ ಗಂಡನ ಮನೆಗೆ ಬಂದರು, ಮಗಳು ನನ್ನ ಐದನೆಯ ತರಗತಿಗೆ ಸೇರಿದಳು. ಜುಲೈಯಲ್ಲಿ ನಮ್ಮ ಶಾಲೆಗಳು ಹೇಗಿರುತ್ತವೆ ಎಂದು ಇಲ್ಲಿಯವರಿಗೆ ಗೊತ್ತು. ಮಕ್ಕಳು ಮೊಣಕಾಲವರೆಗೆ ನೆನೆದು ಬರುತ್ತಾರೆ, ಸಿಮೆಂಟಿನ ನೆಲ ಬೆವರಿರುತ್ತದೆ, ಬೆಂಚು ಸಾಲದ ತರಗತಿಯವರು ಅದರ ಮೇಲೆಯೇ ಕೂರಬೇಕು. ಅಕ್ಕ ಒಂದು ಸಂಜೆ ಮಗಳನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲಿ ನಿಂತು ನೆಲ ನೋಡಿದರು, ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಜೀಪಿನಲ್ಲಿ ಇಪ್ಪತ್ತು ಗೋಣಿಚೀಲ ಬಂದವು. ಕಾಫಿ ತುಂಬುವ ಚೀಲಗಳು. ಒಗೆದು, ಅಡುಗೆಮನೆಯ ಅಟ್ಟದ ಮೇಲೆ ಒಲೆಯ ಬಿಸಿಗೆ ಒಣಗಿಸಿ, ಅಂಚನ್ನು ಮಡಚಿ ಹೊಲಿದಿದ್ದರು. ಆ ಮಳೆಗಾಲವಿಡೀ ನನ್ನ ತರಗತಿಗೆ ಹೊಗೆಯ ಮತ್ತು ಕಾಫಿ ಸಿಪ್ಪೆಯ ವಾಸನೆ ಇತ್ತು. ‘ಪಾದ ಒದ್ದೆಯಾಗಿದ್ದರೆ ಮಗ್ಗಿ ತಲೆಗೆ ಹತ್ತುವುದಿಲ್ಲ ಟೀಚರೇ’ ಎಂದರು. ಅದು ನಾನು ಅವರಿಂದ ಕೇಳಿದ ಮೊದಲ ಮಾತು.

ಅಂಬಾಲಾ, ಜಬಲ್‌ಪುರ, ಜೋಧಪುರ, ಶಿಲ್ಲಾಂಗ್, ವೆಲ್ಲಿಂಗ್ಟನ್. ಇಪ್ಪತ್ತು ವರ್ಷಗಳಲ್ಲಿ ಹನ್ನೊಂದು ಮನೆ ಬದಲಿಸಿದ್ದರು. ಆ ಕತೆಗಳನ್ನೆಲ್ಲ ಇಲ್ಲಿ ಹೇಳಲಾರೆ. ಆದರೆ ಅವುಗಳಿಂದ ಅವರು ಕಲಿತ ಒಂದು ಪಾಠವನ್ನು ನನ್ನ ಕೊನೆಯ ಬ್ಯಾಚಿನ ಮಕ್ಕಳಿಗೂ ಹೇಳಿದ್ದೇನೆ. ಹೊಸ ಊರಿಗೆ ಹೋದರೆ ಮೊದಲ ದಿನವೇ ಮೂರು ವಿಷಯ ತಿಳಿದುಕೊಳ್ಳಬೇಕು: ನೀರು ಎಷ್ಟು ಹೊತ್ತಿಗೆ ಬರುತ್ತದೆ, ಡಾಕ್ಟರು ಎಲ್ಲಿದ್ದಾರೆ, ಅಕ್ಕಪಕ್ಕದಲ್ಲಿ ಯಾರು ಒಂಟಿಯಾಗಿದ್ದಾರೆ.

ಯಜಮಾನರು ನಿವೃತ್ತರಾಗಿ ಊರಿಗೆ ಬಂದು ತೋಟ ನೋಡಿಕೊಂಡದ್ದು ಕೆಲವೇ ವರ್ಷ. 2006ರಲ್ಲಿ ಅವರು ಹೋದರು. ಕಣ, ಕೆಲಸದವರ ಲೈನ್ ಮನೆ, ಮೇಸ್ತ್ರಿ, ಸಂಬಳದ ಬಟವಾಡೆ ಎಲ್ಲವೂ ಅಕ್ಕನ ತಲೆಯ ಮೇಲೆ ಬಿತ್ತು. ತೋಟದಲ್ಲಿ ಲೆಕ್ಕ ಬರೆಯುವ ರೈಟರು ಇರಲಿಲ್ಲ. ಚೆಕ್‌ರೋಲ್ ಅವರೇ ಬರೆಯುತ್ತಿದ್ದರು. ತೋಟದ ವಿಷಯ ತಿಳಿಯದವರಿಗಾಗಿ ಹೇಳುತ್ತೇನೆ: ಚೆಕ್‌ರೋಲ್ ಎಂದರೆ ಕೆಲಸದವರ ಹಾಜರಿ ಪುಸ್ತಕ. ಎಡಗಡೆ ಹೆಸರು, ಅದರ ಮುಂದೆ ತಿಂಗಳ ದಿನಕ್ಕೊಂದರಂತೆ ಮನೆ, ಅಂದರೆ ಚೌಕ, ಪೂರ್ತಿ ದಿನಕ್ಕೆ ಒಂದು, ಅರ್ಧ ದಿನಕ್ಕೆ ಅರ್ಧ. ಕೊನೆಗೆ ಒಟ್ಟು ದಿನ, ಮುಂಗಡ ಕಳೆದು ಕೊಡಬೇಕಾದ ಸಂಬಳ. ಈ ಪುಸ್ತಕ ಈ ಬರಹದಲ್ಲಿ ಮತ್ತೆ ಬರುತ್ತದೆ.

ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ ಅಕ್ಕ ಒಬ್ಬರೇ ತಿರುಗಾಟಕ್ಕೆ ಹೊರಟರು. ಕೊಡಗಿಗೆ ಇಂದಿಗೂ ರೈಲಿಲ್ಲ. ರೈಲು ಹಿಡಿಯಲು ಅಕ್ಕ ಮೊದಲು ಬಸ್ ಹತ್ತಿ ನೂರಿಪ್ಪತ್ತು ಕಿಲೋಮೀಟರ್ ಆಚೆಯ ಮೈಸೂರು ಸೇರಬೇಕಿತ್ತು. ಗಂಡನ ಹಸಿರು ಕ್ಯಾನ್ವಾಸ್ ಚೀಲ ಹೆಗಲಿಗೇರಿಸಿ ಬೆಳಗಿನ ಕತ್ತಲಲ್ಲಿ ಮಡಿಕೇರಿ ಬಸ್ ನಿಲ್ದಾಣದಲ್ಲಿ ನಿಂತಿರುತ್ತಿದ್ದರು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕೊಯ್ಲು, ಆಗ ಎಲ್ಲಿಗೂ ಇಲ್ಲ. ಹೂಮಳೆ ಬಿದ್ದು ಕಾಯಿ ಕಚ್ಚಿದ ಮೇಲೆ ಒಮ್ಮೆ, ಮಳೆಗಾಲ ಮುಗಿದು ಕೊಯ್ಲು ಶುರುವಾಗುವ ಮೊದಲು ಒಮ್ಮೆ. ಗಂಡ ತೀರಿದ ಮೇಲೆ ಹೆಂಗಸು ಹೀಗೆ ಊರೂರು ತಿರುಗುವುದೇ ಎಂದು ಆಡಿಕೊಂಡವರಿದ್ದರು. ಆ ಮಾತು ನನಗೆ ನೋವು ತರುತ್ತಿತ್ತು. ಅಕ್ಕನಿಗೆ ಅದು ತಾಗಿತೋ ಇಲ್ಲವೋ ಅವರು ಎಂದೂ ಹೇಳಲಿಲ್ಲ.

ಒಮ್ಮೆ ಕಾಫಿ ಬೆಳೆಗಾರರ ಒಂದು ತಂಡದ ಜೊತೆ ಇಥಿಯೋಪಿಯಾಕ್ಕೂ ಹೋಗಿಬಂದರು. ಅರೇಬಿಕಾ ಕಾಫಿಯ ತವರು ಅಲ್ಲಿಯ ನೈರುತ್ಯದ ಕಾಡು. ನಮ್ಮ ಗಿಡಗಳ ಮುತ್ತಜ್ಜಿಯ ಮನೆ ನೋಡಿ ಬರುತ್ತೇನೆ ಎಂದು ಹೊರಟಿದ್ದರು. ಬಂದ ಮೇಲೆ ತೋಟಗಾರಿಕೆಯ ಬಗ್ಗೆ ಹೇಳಿದ್ದು ಎರಡು ಮಾತು. ಮಿಕ್ಕದ್ದೆಲ್ಲ ಒಂದು ಮನೆಯಲ್ಲಿ ಕುಡಿದ ಕಾಫಿಯ ಬಗ್ಗೆ. ನೆಲದ ಮೇಲೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಅತಿಥಿಗಳ ಎದುರೇ ಹಸಿರು ಬೀಜವನ್ನು ತೊಳೆದು ಹುರಿಯುತ್ತಾರಂತೆ. ಹುರಿದ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿಯುತ್ತಾರೆ, ಹೊಗೆಯನ್ನು ಕೈಯಿಂದ ಮುಖದ ಕಡೆಗೆ ಎಳೆದುಕೊಳ್ಳಬೇಕು. ಆಮೇಲೆ ಕುಟ್ಟಿ, ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸುರಿಯುತ್ತಾರೆ. ಒಂದೇ ಪುಡಿಗೆ ಮೂರು ಸಲ ನೀರು. ಮೊದಲನೆಯದು ಗಟ್ಟಿ, ಮೂರನೆಯದು ತೆಳ್ಳಗೆ. ಆ ಮೂರನೆಯದಕ್ಕೆ ‘ಬರಕಾ’ ಎಂದು ಹೆಸರು, ಆಶೀರ್ವಾದ ಎಂದು ಅರ್ಥ. ಅದನ್ನು ಕುಡಿಯದೆ ಏಳುವ ಹಾಗಿಲ್ಲ. ‘ಒಂದು ಲೋಟ ಕಾಫಿಗೆ ಬಂದವರನ್ನು ಎರಡು ಗಂಟೆ ಕೂರಿಸಿಕೊಳ್ಳುತ್ತಾರೆ ಟೀಚರೇ. ನಾವು ಕಾಫಿ ಬೆಳೆಯುವವರು, ನಿಂತುಕೊಂಡು ಕುಡಿದು ಓಡುತ್ತೇವೆ’ ಎಂದಿದ್ದರು. ಅಂದಿನಿಂದ ಅವರ ಮನೆಗೆ ಹೋದರೆ ಬೆಲ್ಲದ ಕಾಫಿ ಎರಡನೆಯ ಸಲ ಬಂದೇ ಬರುತ್ತಿತ್ತು. ಎದ್ದರೆ ಕೈಹಿಡಿದು ಕೂರಿಸಿ ಮೂರನೆಯದು.

ಇಂಥ ತಾಯಿಯ ಮಕ್ಕಳು ಹೇಗೆ ಬೆಳೆದರು ಎಂದು ಕೇಳುವವರಿಗೆ ಅವರ ಮಗಳು ಹೇಳಿದ್ದನ್ನೇ ಬರೆಯುತ್ತೇನೆ. ಸೇನೆಯ ಕಾಲದಲ್ಲಿ ಮಕ್ಕಳು ಕೆಲವು ವರ್ಷ ವಸತಿ ಶಾಲೆಯಲ್ಲಿದ್ದರು, ತಾಯಿಯನ್ನು ನೋಡುತ್ತಿದ್ದದ್ದು ರಜೆಯಲ್ಲಿ. ‘ಅವ್ವ ಎಲ್ಲಿಂದಲೇ ಬರಲಿ, ಬಂದ ಸಂಜೆ ತನ್ನ ಊರಿನ ಒಂದು ಸುದ್ದಿಯನ್ನೂ ಹೇಳುತ್ತಿರಲಿಲ್ಲ. ಎಣ್ಣೆ ಬಟ್ಟಲು ತಂದು ನನ್ನ ತಲೆಗೆ ಹಚ್ಚುತ್ತಾ, ನಾನು ಹೋದ ದಿನ ಏನಾಯಿತು, ಮರುದಿನ ಏನಾಯಿತು ಎಂದು ಒಂದೊಂದೇ ದಿನ ಕೇಳುತ್ತಿದ್ದಳು. ನಡುವೆ ಒಂದು ದಿನ ಬಿಟ್ಟರೆ ಗೊತ್ತಾಗುತ್ತಿತ್ತು. ಬುಧವಾರ ಎಲ್ಲಿ ಹೋಯಿತು ಎನ್ನುತ್ತಿದ್ದಳು. ನನ್ನ ದಿನಗಳೆಲ್ಲ ಮುಗಿದ ಮೇಲೆಯೇ ಅವಳ ಒಂಟೆ, ಅವಳ ಹಿಮ, ಅವಳ ರೈಲು.’ ಮಗಳು ಇದನ್ನು ಹೇಳಿದಾಗ ಅವಳಿಗೆ ನಲವತ್ತು ದಾಟಿದೆ. ಬುಧವಾರ ಎನ್ನುವಾಗ ದನಿ ಕಟ್ಟಿತು.

ಗಂಡುಮಗು ಹುಟ್ಟಿದರೆ ಕೊಡವರ ಮನೆಯಲ್ಲಿ ಒಂದು ಗುಂಡು ಹಾರಿಸುವುದು ಹಳೆಯ ಪದ್ಧತಿ. ಮಗಳಿಗೆ ಹೆಣ್ಣುಮಗು ಹುಟ್ಟಿದ ದಿನ ಅಕ್ಕ ತಾನೇ ಕೋವಿ ಹಿಡಿದು ಅಂಗಳಕ್ಕೆ ಇಳಿದರು. ಸದ್ದು ಕೇಳಿ ಗಂಡುಮಗು ಎಂದುಕೊಂಡು ಬಂದ ನೆಂಟರಿಗೆ ಮೊಮ್ಮಗಳನ್ನು ತೋರಿಸಿ ಸಿಹಿ ಕೊಟ್ಟರು.

ಈಗ ನನ್ನ ವಿಷಯ ಹೇಳಬೇಕು. ನಾನು ಎಲ್ಲಿಗೂ ಹೋದವಳಲ್ಲ. ನನ್ನ ಅತ್ತೆ ಪಾರ್ಶ್ವವಾಯು ಬಡಿದು ಎಂಟು ವರ್ಷ ಹಾಸಿಗೆಯಲ್ಲಿದ್ದರು. ಹಗಲು ನೋಡಿಕೊಳ್ಳಲು ಒಬ್ಬರು ಬರುತ್ತಿದ್ದರು, ರಾತ್ರಿ ನಾನು ಇರಲೇಬೇಕು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದರೆ ನೂರೈವತ್ತು ಕಿಲೋಮೀಟರ್ ಒಳಗೆ ಮಂಗಳೂರು. ನಲವತ್ತೈದು ವರ್ಷವಾದರೂ ನಾನು ಸಮುದ್ರ ನೋಡಿರಲಿಲ್ಲ. ಪಾಠದಲ್ಲಿ ಸಮುದ್ರ ಬಂದಾಗಲೆಲ್ಲ ಮಕ್ಕಳಿಗೆ ವರ್ಣಿಸುತ್ತಿದ್ದೆ, ಪುಸ್ತಕದಲ್ಲಿ ಓದಿದ್ದನ್ನು. ಒಂದು ದಿನ ಯಾವುದೋ ಮಾತಿಗೆ ಇದು ಬಾಯಿಂದ ಬಂತು. ಅಕ್ಕ ಸುಮ್ಮನೆ ಕೇಳಿಸಿಕೊಂಡರು.

2009ರ ಏಪ್ರಿಲ್ ರಜೆಯಲ್ಲಿ ಒಂದು ಬೆಳಿಗ್ಗೆ ಅದೇ ಹಸಿರು ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಎಲ್ಲಿಗೆ ಹೊರಟಿರಿ ಅಕ್ಕ ಎಂದೆ. ‘ಇಲ್ಲಿಗೇ. ನಾಲ್ಕು ರಾತ್ರಿ ಇರುತ್ತೇನೆ. ನೀವಿಬ್ಬರೂ ಹೋಗಿ ಸಮುದ್ರ ನೋಡಿಕೊಂಡು ಬನ್ನಿ’ ಎಂದರು. ಚೀಲದಲ್ಲಿ ಟಾರ್ಚು, ಟವೆಲು, ಬಟ್ಟೆ ಒಣಹಾಕುವ ಹುರಿ, ಸೂಜಿದಾರ, ಉಪ್ಪು ಮೆಣಸಿನ ಡಬ್ಬಿ ಎಲ್ಲ ಇತ್ತು, ರಾಜಸ್ಥಾನಕ್ಕೆ ಹೊರಟಾಗ ಇದ್ದ ಹಾಗೆಯೇ. ಬೇಡವೆಂದೆ. ಅತ್ತೆಯ ಶೌಚ, ಸ್ನಾನ, ರಾತ್ರಿ ಎರಡು ಸಲ ಮಗ್ಗುಲು ಬದಲಿಸುವುದು, ಇದನ್ನೆಲ್ಲ ಬೇರೆಯವರಿಂದ ಮಾಡಿಸುವುದು ಹೇಗೆ? ಅವರು ಅದಾಗಲೇ ಅತ್ತೆಯ ಮಂಚದ ಪಕ್ಕ ತಮ್ಮ ಚಾಪೆ ಬಿಚ್ಚುತ್ತಿದ್ದರು.

ಉಳ್ಳಾಲದ ತೀರದಲ್ಲಿ ನಾನು ಮೂರು ಸಂಜೆ ಕುಳಿತೆ. ಆ ಮೂರು ಸಂಜೆಗಳ ಬಗ್ಗೆ ಬರೆಯಲು ನನಗೆ ಬರುವುದಿಲ್ಲ, ಬರೆಯಬೇಕೆಂದು ಅನಿಸಿಯೂ ಇಲ್ಲ. ಮನೆಗೆ ಬಂದಾಗ ಅತ್ತೆಯ ತಲೆಗೂದಲು ತೊಳೆದು ಸಿಕ್ಕು ಬಿಡಿಸಿ ಎರಡು ಜಡೆ ಹಾಕಿತ್ತು, ಕೈಕಾಲುಗಳ ಉಗುರು ಕತ್ತರಿಸಿತ್ತು. ಮಾತು ತೊದಲುತ್ತಿದ್ದ ಆ ಮುದುಕಿ ಆಮೇಲೆ ತಿಂಗಳುಗಟ್ಟಲೆ ನನ್ನನ್ನು ಕೇಳುತ್ತಿದ್ದರು: ‘ಆ ಒಂಟೆಯ ಊರಿನವಳು ಮತ್ತೆ ಯಾವಾಗ ಬರುತ್ತಾಳೆ?’ ನಾಲ್ಕು ರಾತ್ರಿ ಅಕ್ಕ ಅವರಿಗೆ ಜೋಧಪುರ ತೋರಿಸಿದ್ದರು.

ತಿರುಗಾಡಿದವರನ್ನು ನಾನು ಆಮೇಲೆ ಬಹಳ ಜನರನ್ನು ನೋಡಿದ್ದೇನೆ. ತಾವು ನೋಡಿದ್ದನ್ನು ಇನ್ನೊಬ್ಬರೂ ನೋಡಲಿ ಎಂದು ತಮ್ಮ ಜಾಗ ಬಿಟ್ಟುಕೊಟ್ಟು ಕೂರುವವರನ್ನು ಮತ್ತೆ ನೋಡಲಿಲ್ಲ.

ಅವರ ತಿರುಗಾಟಗಳಲ್ಲಿ ದೊಡ್ಡದು ಕಾವೇರಿಯದು. 2011ರ ಅಕ್ಟೋಬರಿನಲ್ಲಿ ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ತೀರ್ಥೋದ್ಭವ ನೋಡಿ, ಬಾಟಲಿಯಲ್ಲಿ ತೀರ್ಥ ತುಂಬಿಕೊಂಡು, ನದಿ ಹೋದ ದಾರಿಯಲ್ಲೇ ಬಸ್ಸಿನಲ್ಲಿ ಹೊರಟರು, ಸಮುದ್ರದವರೆಗೆ. ಕಾವೇರಿ ಕೊಡವರಿಗೆ ಕುಲದೇವತೆ. ಬಲಮುರಿಯಲ್ಲಿ ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗಿತು, ಅಂದಿನಿಂದ ಕೊಡವ ಹೆಂಗಸರು ನೆರಿಗೆಯನ್ನು ಹಿಂದೆ ಇಟ್ಟು ಉಡುತ್ತಾರೆ ಎಂಬುದು ಕತೆ. ಬಲಮುರಿ ಅವರ ತೋಟದಿಂದ ದೂರವೇನಲ್ಲ. ‘ಇಷ್ಟು ವರ್ಷ ನೆರಿಗೆ ಹಿಂದೆ ಉಟ್ಟಿದ್ದೇನೆ, ಅವಳು ಎಲ್ಲಿಗೆ ಹೋಗುತ್ತಾಳೆ ಎಂದು ನೋಡಿಲ್ಲ’ ಎಂದಿದ್ದರು.

ಭಾಗಮಂಡಲ, ಕುಶಾಲನಗರ, ಕನ್ನಂಬಾಡಿ, ಶ್ರೀರಂಗಪಟ್ಟಣ. ಶಿವನಸಮುದ್ರದಲ್ಲಿ ಒಂದು ದಿನ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದ ಕತೆಯನ್ನು ನಾನೇ ಓದಿ ಹೇಳಿ ಕಳಿಸಿದ್ದೆ. ಹೊಗೇನಕಲ್, ಮೆಟ್ಟೂರು, ಭವಾನಿ, ಈರೋಡು, ಕರೂರು, ಶ್ರೀರಂಗಂ. ಎರಡು ಸಾವಿರ ವರ್ಷ ಹಿಂದೆ ಕರಿಕಾಲ ಚೋಳ ಕಟ್ಟಿಸಿದ ಎನ್ನುವ ಕಲ್ಲಣೈ ಅಣೆಕಟ್ಟಿನ ಮೇಲೆ ನಿಂತು, ನೀರು ಇಂದಿಗೂ ಅದರ ಮಾತು ಕೇಳಿ ಕವಲೊಡೆಯುವುದನ್ನು ನೋಡಿದರು. ಆಮೇಲೆ ತಂಜಾವೂರು, ಕುಂಭಕೋಣ. ಒಂದು ತಿಂಗಳ ಪ್ರಯಾಣ. ನಾವು ತುಲಾ ಮಾಸ ಎನ್ನುವುದೇ ತಮಿಳರಿಗೆ ಐಪ್ಪಸಿ. ಇಲ್ಲಿ ಆ ತಿಂಗಳ ಮೊದಲ ದಿನ ತೀರ್ಥ ಹುಟ್ಟುತ್ತದೆ; ನದಿಯ ಕೊನೆಯಲ್ಲಿರುವ ಮಯಿಲಾಡುತುರೈಯಲ್ಲಿ ಆ ತಿಂಗಳ ಕೊನೆಯ ದಿನ ದೊಡ್ಡ ಸ್ನಾನ. ಆ ದಿನಕ್ಕೆ ಅಲ್ಲಿ ಮುಟ್ಟಬೇಕೆಂಬುದು ಅಕ್ಕನ ಲೆಕ್ಕ.

ಲೆಕ್ಕ ತಪ್ಪಿತು. ಕುಂಭಕೋಣದಲ್ಲಿ ಜ್ವರ ಬಂದು ಒಂದು ದಿನ ತಡವಾಯಿತು. ಮಯಿಲಾಡುತುರೈಯಲ್ಲಿ ಬಸ್ ಇಳಿದಾಗ ಜಾತ್ರೆ ಮುಗಿದು ಬೀದಿ ಗುಡಿಸುತ್ತಿದ್ದರು. ನದಿಯ ಹತ್ತಿರದ ಒಂದು ಇಡ್ಲಿ ಅಂಗಡಿಯ ಮುಂದೆ ಪೆಚ್ಚುಮೋರೆ ಹಾಕಿಕೊಂಡು ಕೂತ ಅಕ್ಕನನ್ನು ಅಂಗಡಿಯ ಹೆಂಗಸು ಮಾತನಾಡಿಸಿದಳು. ವೆಲ್ಲಿಂಗ್ಟನ್‌ನಲ್ಲಿ ಕಲಿತ ತಮಿಳು ಕೈಹಿಡಿಯಿತು. ಆಕೆ ಹೇಳಿದ್ದು ಅಲ್ಲಿಯವರೆಲ್ಲ ಬಲ್ಲ ಕತೆ. ಹಿಂದೆ ಒಬ್ಬ ಕುಂಟ ಈ ಸ್ನಾನಕ್ಕೆಂದು ತೆವಳುತ್ತಾ ಬಂದನಂತೆ. ಬರುವ ಹೊತ್ತಿಗೆ ತಿಂಗಳು ಮುಗಿದಿತ್ತು. ಅವನು ಅತ್ತದ್ದನ್ನು ಕೇಳಿ ಶಿವನು, ನಾಳೆ ಮುಳುಗು, ನಿನಗೂ ಅಷ್ಟೇ ಪುಣ್ಯ ಎಂದನಂತೆ. ಅಂದಿನಿಂದ ಕಾರ್ತಿಗೈ ತಿಂಗಳ ಮೊದಲ ದಿನದ ಸ್ನಾನಕ್ಕೆ ‘ಮುಡವನ್ ಮುಳುಕ್ಕು’ ಎಂದು ಹೆಸರು. ಕುಂಟನ ಮುಳುಗು. ತಡವಾಗಿ ಬಂದವರ ದಿನ. ಅಕ್ಕ ಬಂದಿಳಿದದ್ದು ಅದೇ ದಿನ. ಆ ಹೆಂಗಸು ಅಂಗಡಿಯನ್ನು ಮಗನ ಕೈಗೆ ಕೊಟ್ಟು, ಜ್ವರ ಬಿಟ್ಟ ಮೈ ಎಂದು ಬಿಸಿನೀರು ಕಾಯಿಸಿ ತಂದು, ನದಿಯ ನೀರನ್ನು ಅದರಲ್ಲಿ ಬೆರೆಸಿ ಮೆಟ್ಟಿಲಿನ ಮೇಲೆಯೇ ಅಕ್ಕನ ತಲೆಗೆ ಹುಯ್ದಳು. ತಲಕಾವೇರಿಯ ಬಾಟಲಿಯ ಅರ್ಧ ತೀರ್ಥ ಆಕೆಯ ಮನೆಗೆ ಹೋಯಿತು. ಉಳಿದರ್ಧವನ್ನು ಮರುದಿನ ಪೂಂಪುಹಾರಿನಲ್ಲಿ ಸಮುದ್ರ ಸೇರುವ ಜಾಗದಲ್ಲಿ ಸುರಿದರು. ‘ಅಲ್ಲಿ ಅವಳು ಎಷ್ಟು ಸಣ್ಣವಳಾಗಿರುತ್ತಾಳೆ ಗೊತ್ತೇ ಟೀಚರೇ? ಎಲ್ಲರಿಗೂ ಕೊಟ್ಟು ಕೊಟ್ಟು ನಮ್ಮ ತೋಡಿನಷ್ಟಾಗಿರುತ್ತಾಳೆ’ ಎಂದಾಗ ಅವರ ಕಣ್ಣು ತುಂಬಿತ್ತು.

ಆ ಇಡ್ಲಿ ಅಂಗಡಿಯ ಹೆಂಗಸು ಅಂದಿನಿಂದ ವರ್ಷಕ್ಕೊಮ್ಮೆ ಅಕ್ಕನಿಗೆ ಫೋನು ಮಾಡುತ್ತಿದ್ದಳು, ಆಡಿ ಹದಿನೆಂಟರಂದು. ತಮಿಳರ ಆಡಿ, ಕೊಡವರ ಕಕ್ಕಡ, ಎರಡೂ ಒಂದೇ ತಿಂಗಳು. ಅದರ ಹದಿನೆಂಟನೆಯ ದಿನ, ಆಗಸ್ಟ್ 3ರ ಹೊತ್ತಿಗೆ, ಅಲ್ಲಿ ಏರಿದ ಕಾವೇರಿಗೆ ಪೂಜೆ; ಇಲ್ಲಿ ನಾವು ಬಾಗಿಲು ಹಾಕಿಕೊಂಡು ಚಳಿಗೆ ಮದ್ದುಸೊಪ್ಪಿನ ಪಾಯಸ ಕುಡಿಯುತ್ತೇವೆ. ಹದಿನೆಂಟು ಬಗೆಯ ಔಷಧಿ ಆ ದಿನ ಆ ಸೊಪ್ಪಿನಲ್ಲಿ ಸೇರಿರುತ್ತದೆ ಎಂಬ ನಂಬಿಕೆ. ನಮ್ಮನ್ನು ಒಳಗೆ ಕೂರಿಸಿದ ಮಳೆಯೇ ಅಲ್ಲಿ ಹಬ್ಬವಾಗುತ್ತದೆ ಎಂದು ನನಗೆ ತಿಳಿಸಿದವರು ಅಕ್ಕ. ಭೂಗೋಳ ಪಾಠ ಮಾಡುತ್ತಿದ್ದ ನನಗೆ! ಆಕೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆಯಂತೆ: ಅಲ್ಲಿ ಮಳೆ ಹೇಗಿದೆ?

2018ನ್ನು ನಾವು ಯಾರೂ ಮರೆಯಲಾರೆವು. ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ 177.25 ಟಿಎಂಸಿ ಅಡಿ ನೀರು ಎಂದು ತೀರ್ಪು ಕೊಟ್ಟಿತ್ತು. ಟಿವಿಯಲ್ಲಿ ಎರಡೂ ಕಡೆಯವರು ಕೂಗಾಡಿದರು. ಜುಲೈಯಲ್ಲೇ ಮೆಟ್ಟೂರು ತುಂಬಿತು. ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಬೆಟ್ಟಗಳು ಕುಸಿದವು. ಅಕ್ಕ ಪರಿಹಾರ ಕೇಂದ್ರಕ್ಕೆ ಬಂದು ಮಾಡಿದ ಮೊದಲ ಕೆಲಸ, ಪ್ರತಿಯೊಬ್ಬ ವಯಸ್ಸಾದವರ ಪಕ್ಕ ಕೂತು ನೀವು ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದು, ಕನ್ನಡಕ ಉಳಿಯಿತೇ ಎಂದು ಕೇಳಿ ಬರೆದುಕೊಂಡದ್ದು. ಅಕ್ಕಿ, ಕಂಬಳಿ ರಾಶಿ ಬಿದ್ದಿತ್ತು. ಕನ್ನಡಕ ಯಾರಿಗೂ ಹೊಳೆದಿರಲಿಲ್ಲ. ಆ ವಾರ ಮಯಿಲಾಡುತುರೈಯಿಂದ ಎರಡನೆಯ ಸಲ ಫೋನು ಬಂತು, ಆಮೇಲೆ ಒಂದು ದೊಡ್ಡ ಗಂಟು. ಒಗೆದು ಮಡಚಿದ ಹಳೆಯ ಹತ್ತಿ ಸೀರೆಗಳು, ಮೆತ್ತಗಿನವು. ಕೇಂದ್ರದಲ್ಲಿದ್ದ ಹಸುಗೂಸುಗಳಿಗೆ ಅವನ್ನೇ ಹರಿದು ಹಂಚಿದೆವು. ನೀರಿಗಾಗಿ ಕೂಗಾಡಿದವರ ದನಿ ಟಿವಿಯಲ್ಲಿ ಕೇಳಿದಾಗೆಲ್ಲ ನನಗೆ ಆ ಗಂಟು ಕಣ್ಣಿಗೆ ಕಟ್ಟುತ್ತದೆ.

ಕಾಯಿಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದೂವರೆ ವರ್ಷ. ಕೊನೆಯ ಎರಡು ತಿಂಗಳು ಆಸ್ಪತ್ರೆ ಸಾಕೆಂದು ಮನೆಗೆ ಬಂದರು. ನಾನು ದಿನಾ ಸಂಜೆ ಹೋಗುತ್ತಿದ್ದೆ. ಓದಿ ಹೇಳಲೇ ಎಂದರೆ ಪುಸ್ತಕ ಬೇಡ ಎನ್ನುತ್ತಿದ್ದರು. ಹಳೆಯ ರೈಲ್ವೆ ವೇಳಾಪಟ್ಟಿಯೊಂದು ದಿಂಬಿನ ಪಕ್ಕ ಇತ್ತು. ಮೈಸೂರಿನಿಂದ ಮಯಿಲಾಡುತುರೈ ಕಡೆಗೆ ಹೋಗುವ ರಾತ್ರಿಯ ರೈಲಿನ ನಿಲ್ದಾಣಗಳನ್ನು ಓದಬೇಕು. ಮಂಡ್ಯ, ಬೆಂಗಳೂರು, ಸೇಲಂ, ತಿರುಚಿರಾಪಳ್ಳಿ, ತಂಜಾವೂರು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕುಂಭಕೋಣದ ಹೊತ್ತಿಗೆ ನಿದ್ದೆ ಬಂದಿರುತ್ತಿತ್ತು.

ತೀರಿಕೊಂಡವರಿಗೆ ಮಾಡುವ ಮಾದದ ಕರ್ಮ ಕಳೆದ ಮೇಲೆ ಮಗಳು ಕಬ್ಬಿಣದ ಪೆಟ್ಟಿಗೆಯಿಂದ ಒಂದು ಚೆಕ್‌ರೋಲ್ ತೆಗೆದು ನನ್ನ ಮುಂದೆ ಇಟ್ಟಳು. ತೋಟದ್ದು ಎಂದುಕೊಂಡೆ. ತೆರೆದರೆ ಅಕ್ಕನ ತಿರುಗಾಟದ ಪುಸ್ತಕ. ಅವರು ದಿನಚರಿ ಬರೆಯುವವರೆಂದು ನಮಗೆ ತಿಳಿದೇ ಇರಲಿಲ್ಲ, ಇದು ದಿನಚರಿಯೂ ಅಲ್ಲ. ಹೆಸರಿನ ಸಾಲಿನಲ್ಲಿ ಹೆಸರುಗಳು, ಹೆಸರು ಗೊತ್ತಿಲ್ಲದ ಕಡೆ ಗುರುತುಗಳು: ಕರೂರು ಬಸ್ ನಿಲ್ದಾಣದ ಹೂವಿನವಳು. ಭವಾನಿಯ ದೋಣಿಯವನ ಮಗ. ಜೋಧಪುರದ ಹಾಲಿನಜ್ಜ. ಮುಂದಿನ ಮನೆಗಳಲ್ಲಿ ಒಂದು, ಅರ್ಧ, ಒಂದು, ಒಂದು. ಅವರು ಅಕ್ಕನಿಗಾಗಿ ಕಳೆದ ದಿನಗಳು. ಷರಾದಲ್ಲಿ ಪೆನ್ಸಿಲಿನಲ್ಲಿ ಒಂದೆರಡು ಮಾತು. ‘ಬಿಸಿನೀರು ಕಾಯಿಸಿಕೊಟ್ಟಳು. ದುಡ್ಡು ಬೇಡ ಎಂದಳು. ಎಡಗಾಲು ನೋವು.’ ‘ಚೀಲ ಕಾದ. ಹತ್ತನೇ ತರಗತಿ ಫೇಲು, ಮತ್ತೆ ಕಟ್ಟುತ್ತಾನಂತೆ.’ ಊರು ಹೇಗಿತ್ತು, ದೇವಸ್ಥಾನ ಎಷ್ಟು ಎತ್ತರ ಎಂದು ಒಂದು ಕಡೆಯೂ ಇಲ್ಲ. ಕೊನೆಯ ಮನೆ ಬಟವಾಡೆಯದು: ‘ಕಾಳುಮೆಣಸು ಅರ್ಧ ಕೆಜಿ, ಡಿಸೆಂಬರ್ 9’. ‘ಕಾಫಿಪುಡಿ, ಜೇನು’. ‘ಪರೀಕ್ಷೆ ಶುಲ್ಕ’. ಪರರು ಮಾಡಿದ ಉಪಕಾರವನ್ನು ಅಕ್ಕ ಕೆಲಸದವರ ದುಡಿಮೆಯ ಹಾಗೆ ಲೆಕ್ಕವಿಟ್ಟು, ಸಂಬಳ ಬಾಕಿ ಉಳಿಸಬಾರದೆಂದು ಅಂಚೆಯಲ್ಲಿ ಕಳಿಸುತ್ತಿದ್ದರು. ಶುಕ್ರವಾರದ ಸಂತೆಗೆ ಮಡಿಕೇರಿಗೆ ಬಂದಾಗಲೆಲ್ಲ ಅಂಚೆ ಕಚೇರಿಗೆ ಯಾಕೆ ಹೋಗುತ್ತಿದ್ದರೆಂದು ನನಗೆ ಅಂದು ಅರ್ಥವಾಯಿತು.

ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ನನ್ನ ಹೆಸರನ್ನು ಹುಡುಕಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಮತ್ತೆ ಒಮ್ಮೆ. ಅವರ ಯಜಮಾನರು ಹೋದಾಗ ನಾನು ಶಾಲೆ ಬಿಟ್ಟ ಮೇಲೆ ದಿನಾ ಹೋಗಿ ಅಡುಗೆಮನೆಯಲ್ಲಿ ಇರುತ್ತಿದ್ದೆ. ಅದಾದರೂ ಎಲ್ಲೋ ಇರಬಹುದೆಂದುಕೊಂಡೆ. ಇರಲಿಲ್ಲ. ಮಗಳು ನನ್ನ ಬೆರಳು ಸಾಲು ಸಾಲಾಗಿ ಇಳಿಯುವುದನ್ನು ನೋಡುತ್ತಿದ್ದವಳು, ‘ಟೀಚರೇ, ಮನೆಯವರ ಹೆಸರನ್ನು ಚೆಕ್‌ರೋಲಿನಲ್ಲಿ ಬರೆಯುವುದಿಲ್ಲವಲ್ಲ’ ಎಂದಳು.

ಆಗ ನಾನು ಅತ್ತುಬಿಟ್ಟೆ. ಗುಂಡು ಹಾರಿದ ದಿನ ಅತ್ತದ್ದಕ್ಕಿಂತ ಹೆಚ್ಚು.

ಬಟವಾಡೆಯ ಮನೆ ಖಾಲಿ ಇದ್ದ ಹೆಸರು ಆರು. ಅವರಿಗೆ ಮೆಣಸು, ಕಾಫಿಪುಡಿ ಕಟ್ಟಿದೆವು. ಜೊತೆಗೆ ಒಂದೊಂದು ಕಾಗದ, ಅಕ್ಕ ಇಂಥ ದಿನ ತೀರಿಕೊಂಡರು ಎಂದು. ಮಿಕ್ಕವರಲ್ಲಿ ವಿಳಾಸ ಇದ್ದವರಿಗೆಲ್ಲ ಕಾಗದ ಬರೆದೆವು, ಫೋನು ನಂಬರ್ ಇದ್ದವರಿಗೆ ಫೋನು ಮಾಡಿದೆವು. ಕೆಲವು ನಂಬರ್ ಈಗ ಬೇರೆಯವರದು. ಜೋಧಪುರದ ಹಾಲಿನಜ್ಜ ಎಂದೋ ಹೋಗಿದ್ದಾನೆ. ಅವನ ಸೊಸೆ ಮಾತನಾಡಿದಳು, ನನ್ನ ಮುರುಕು ಹಿಂದಿಗೆ ತಾಳ್ಮೆಯಿಂದ ಉತ್ತರ ಕೊಟ್ಟಳು. ಮಯಿಲಾಡುತುರೈಯ ಸಾಲಿನಲ್ಲಿ ಮಾತ್ರ ‘ಇಡ್ಲಿ ಅಂಗಡಿ ಅಮ್ಮ’ ಎಂದಷ್ಟೇ ಇತ್ತು. ದಿನಗಳ ಮನೆಗಳು ತುಂಬಿ, ಅಂಚಿನಲ್ಲೂ ಒಂದು ಒಂದು ಒಂದು. ಬಟವಾಡೆಯ ಮನೆಯಲ್ಲಿ ಪ್ರತಿವರ್ಷದ ಗುರುತು, ಕೆಳಗೆ ‘ಬಾಕಿ ತೀರದು’. ನಂಬರ್ ಇರಲಿಲ್ಲ. ಅಕ್ಕನ ಮೊಬೈಲಿನಲ್ಲಿ ಹುಡುಕಿದರೂ ಯಾವ ಹೆಸರಿನಲ್ಲಿ ಇಟ್ಟಿದ್ದರೋ ಸಿಗಲಿಲ್ಲ. ಮಗಳು ಆ ಮೊಬೈಲನ್ನು ಚಾರ್ಜು ಹಾಕಿ ಅಡುಗೆಮನೆಯ ಕಿಟಕಿಯಲ್ಲೇ ಇಟ್ಟಿದ್ದಳು.

ಕಕ್ಕಡ ಹದಿನೆಂಟರ ಬೆಳಿಗ್ಗೆ ನಾನು ಅಲ್ಲಿದ್ದೆ. ಸೂತಕದ ಮನೆ, ಹಬ್ಬವೆಂದು ಮಾಡುವ ಹಾಗಿಲ್ಲ, ಔಷಧಿಯೆಂದು ಮಾಡುತ್ತೇನೆ ಎಂದು ಮಗಳು ಮದ್ದುಸೊಪ್ಪು ಕುದಿಯಲು ಇಟ್ಟಿದ್ದಳು. ನೀರು ಮೊದಲು ಕೆಂಪಗೆ, ಆಮೇಲೆ ನೇರಳೆ, ಕೊನೆಗೆ ಶಾಯಿಯಷ್ಟು ಕಪ್ಪಾಯಿತು. ಪ್ರತಿವರ್ಷ ಅಕ್ಕ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತಿದ್ದ ಪಾಯಸದ ಪರಿಮಳ ಮನೆ ತುಂಬಿತು. ಬೆಲ್ಲ ಎಷ್ಟು ಹಾಕಬೇಕು ಟೀಚರೇ ಎಂದು ಅವಳು ನನ್ನನ್ನು ಕೇಳುತ್ತಿರುವಾಗಲೇ ಕಿಟಕಿಯಲ್ಲಿದ್ದ ಮೊಬೈಲ್ ಬಡಿದುಕೊಂಡಿತು.

ಮಗಳು ಕೊಯಮತ್ತೂರಿನಲ್ಲಿ ಓದಿದವಳು, ತಮಿಳು ಬಲ್ಲಳು. ಸ್ಪೀಕರ್ ಹಾಕಿದಳು. ಆ ಕಡೆಯ ದನಿ ಎತ್ತರದಲ್ಲಿತ್ತು, ಹಿಂದೆ ಜನರ ಗದ್ದಲ, ಗಂಟೆಯ ಸದ್ದು. ಅಕ್ಕಾ ಎಂದು ಶುರುಮಾಡಿ, ಈ ಸಲ ಮೆಟ್ಟಿಲವರೆಗೆ ನೀರು ಬಂದಿದೆ ಎಂದು ಒಂದೇ ಉಸಿರಿಗೆ ಹೇಳಿದಳು. ಮಗಳು, ನಾನು ಅಕ್ಕನ ಮಗಳು ಎಂದಳು. ಆಮೇಲೆ ಹೇಳಬೇಕಾದದ್ದನ್ನು ಹೇಳಿದಳು.

ಬಹಳ ಹೊತ್ತು ಗಂಟೆಯ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಆಕೆ ಮೂಗು ಒರೆಸಿಕೊಂಡದ್ದು ಕೇಳಿತು. ಎಷ್ಟು ದಿನವಾಯಿತು, ನೋವಿತ್ತೇ, ಯಾರು ಪಕ್ಕದಲ್ಲಿದ್ದರು ಎಂದು ಕೇಳಿದಳು. ಮಗಳು ನನ್ನ ವಿಷಯ ಹೇಳಿದಾಗ, ಅವರನ್ನು ಕರೆದುಕೊಂಡು ಬಾ ಎಂದಳು. ಐಪ್ಪಸಿಯ ಕೊನೆಗೆ ಬನ್ನಿ, ಆ ದಿನ ಆಗದಿದ್ದರೆ ಕಾರ್ತಿಗೈ ಒಂದಕ್ಕೆ ಬನ್ನಿ. ನಾನು ನೀರು ಕಾಯಿಸಿ ಇಡುತ್ತೇನೆ.

ಆಮೇಲೆ, ಇನ್ನು ಕೇಳಲು ಏನೂ ಉಳಿಯದವಳ ಹಾಗೆ, ಅಲ್ಲಿ ಮಳೆ ಹೇಗಿದೆ ಎಂದಳು.

ಮಗಳಿಗೆ ಮಾತು ಹೊರಡಲಿಲ್ಲ. ನಾನು ಅವಳ ಕೈಯಿಂದ ಮೊಬೈಲ್ ತೆಗೆದುಕೊಂಡು, ಕಿಟಕಿಯ ಚಿಲಕ ತೆಗೆದು, ಕೈಯನ್ನು ಹೊರಗೆ ಚಾಚಿ ಹಿಡಿದೆ.